ಚಿಲಕ ಎತ್ತರಕ್ಕಿರುವ ದಾರಿ

ಸೌತ್ ಡೌನ್ಸ್ ವೇ ಅಂದ ಕೂಡಲೇ ಎಲ್ಲರೂ ತೋರಿಸುವುದು ಸೆವೆನ್ ಸಿಸ್ಟರ್ಸ್ ಬಂಡೆಗಳ ಫೋಟೋ. ಬಿಳಿ ಗೋಡೆ, ಕೆಳಗೆ ನೀಲಿ ಸಮುದ್ರ, ಮೇಲೆ ಹಸಿರು ಹುಲ್ಲು. ಚೆನ್ನಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ದಾರಿಯಲ್ಲಿ ನನಗೆ ತುಂಬಾ ಇಷ್ಟವಾದ ವಸ್ತು ಗೇಟಿನ ಚಿಲಕ.

ತಮಾಷೆಗೆ ಹೇಳುತ್ತಿಲ್ಲ. ಇಂಗ್ಲೆಂಡಿನ ದಕ್ಷಿಣದಲ್ಲಿ ವಿಂಚೆಸ್ಟರ್ ಊರಿನಿಂದ ಸಮುದ್ರದಂಚಿನ ಈಸ್ಟ್‌ಬೋರ್ನ್‌ವರೆಗೆ, ಗುಡ್ಡದ ನೆತ್ತಿ ಹಿಡಿದು 160 ಕಿಲೋಮೀಟರ್ ಹೋಗುವ ದಾರಿ ಇದು. ಅವರ ಲೆಕ್ಕದಲ್ಲಿ 100 ಮೈಲಿ. ದಾರಿಯುದ್ದಕ್ಕೂ ಕುರಿ ಮೇಯುವ ಹುಲ್ಲುಗಾವಲು, ಹೊಲ, ಬೇಲಿ. ಹಾಗಾಗಿ ಗೇಟುಗಳಿಗೆ ಲೆಕ್ಕವೇ ಇಲ್ಲ. ಅವುಗಳಲ್ಲಿ ಬಹಳಷ್ಟಕ್ಕೆ ಒಂದು ಉದ್ದನೆಯ ಕಬ್ಬಿಣದ ಹಿಡಿ ಇರುತ್ತದೆ. ಅದು ಗೇಟಿನ ಮೇಲಂಚನ್ನೂ ದಾಟಿ ಎತ್ತರಕ್ಕೆ ನಿಂತಿರುತ್ತದೆ. ಕುದುರೆ ಮೇಲೆ ಕೂತವರು ಕೆಳಗಿಳಿಯಬೇಕಿಲ್ಲ. ಸ್ವಲ್ಪ ಬಗ್ಗಿ ಒಂದು ಕೈಯಲ್ಲಿ ಹಿಡಿ ಎಳೆದರೆ ಚಿಲಕ ತೆರೆದುಕೊಳ್ಳುತ್ತದೆ. ಸೈಕಲ್ಲಿನವರು ಒಂದು ಕಾಲು ಊರಿ ಅದೇ ಹಿಡಿ ಎಳೆಯುತ್ತಾರೆ. ನಡೆಯುವವರಿಗೂ ಅದು ಕೈಗೆ ಎಟುಕುತ್ತದೆ. ಇಂಥ ದಾರಿಯ ಗೇಟು ಕಡಿಮೆ ಅಂದರೂ ಐದು ಅಡಿ ಅಗಲ ಇರಬೇಕು ಅಂತ 1980ರ ಹೆದ್ದಾರಿ ಕಾಯ್ದೆಯೇ ಹೇಳುತ್ತದೆ.

ಬರೀ ನಡೆಯುವವರ ದಾರಿಯಲ್ಲಾದರೆ ಇಷ್ಟೆಲ್ಲ ಬೇಕಾಗಿಲ್ಲ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ತಡಮೆ ಇರುತ್ತದಲ್ಲ, ಮನುಷ್ಯ ಹತ್ತಿಳಿದು ದಾಟಬಹುದು, ದನ ದಾಟಲಾಗದು, ಅಂಥದ್ದೇ ಮರದ ಮೆಟ್ಟಿಲು ಇಲ್ಲಿನ ಕಾಲುದಾರಿಗಳಲ್ಲೂ ಉಂಟು. ಆದರೆ ಅದನ್ನು ಹತ್ತಿ ಕುದುರೆ ಹೇಗೆ ದಾಟೀತು? ಸೈಕಲ್ಲನ್ನು ಎಷ್ಟು ಸಲ ಹೆಗಲಿಗೇರಿಸುವುದು? ಮೂರು ಥರದ ಜನಕ್ಕೆ ಒಂದೇ ದಾರಿ ಮಾಡಬೇಕು ಅಂತ ಯಾರೋ ಕೂತು ಯೋಚಿಸಿದ್ದಾರೆ ಅನ್ನುವುದು ಆ ಚಿಲಕ ನೋಡಿದರೆ ಗೊತ್ತಾಗುತ್ತದೆ.

ದಾರಿ ಗುರುತಿಸೋದು ಸುಲಭ. ಕಂಬದ ಮೇಲೆ ಹಳದಿ ಬಾಣ ಇದ್ದರೆ ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಅದು ಬ್ರೈಡಲ್‌ವೇ, ಅಂದರೆ ಕುದುರೆ, ಸೈಕಲ್, ಕಾಲ್ನಡಿಗೆ ಮೂರೂ ಹೋಗಬಹುದು. ಜೊತೆಗೆ ಓಕ್ ಮರದ ಕಾಯಿಯ ಚಿತ್ರ ಇದ್ದರೆ ಅದು ರಾಷ್ಟ್ರೀಯ ದಾರಿ. ಬ್ರಿಟನ್ನಿನ ಮೊದಲ ರಾಷ್ಟ್ರೀಯ ದಾರಿ 1965ರಲ್ಲಿ ತೆರೆದ ಪೆನೈನ್ ವೇ. ಅದು ಹೆಚ್ಚಿನಂಶ ನಡೆಯುವವರದ್ದು. ಸೌತ್ ಡೌನ್ಸ್ ವೇ ಬಂದದ್ದು 1972ರಲ್ಲಿ, ಕುದುರೆಯವರನ್ನೂ ಸೈಕಲ್ಲಿನವರನ್ನೂ ಮೊದಲ ದಿನದಿಂದಲೇ ಒಳಗೆ ಬಿಟ್ಟುಕೊಂಡೇ. ಆಗ ಅದು ಈಸ್ಟ್‌ಬೋರ್ನ್‌ನಿಂದ ಬ್ಯೂರಿಟನ್ ಹಳ್ಳಿಯವರೆಗೆ ಮಾತ್ರ ಇತ್ತು. ವಿಂಚೆಸ್ಟರ್‌ವರೆಗೆ ಬೆಳೆದದ್ದು ಆಮೇಲೆ.

ಈ ಗುಡ್ಡಗಳ ಬಗ್ಗೆ ಸ್ವಲ್ಪ ಹೇಳಬೇಕು. ಇದು ಪೂರ್ತಿ ಸೀಮೆಸುಣ್ಣದ ಸಾಲು. ಕೋಟಿಗಟ್ಟಲೆ ವರ್ಷದ ಹಿಂದೆ ಇಲ್ಲಿ ಸಮುದ್ರ ಇದ್ದಾಗ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು ತಳಕ್ಕೆ ಬಿದ್ದು ಬಿದ್ದು ಗಟ್ಟಿಯಾದ ಕಲ್ಲು. ನಡುನಡುವೆ ಚಕಮಕಿ ಕಲ್ಲು ಸಿಕ್ಕಿಕೊಂಡಿರುತ್ತದೆ. ಒಡೆದರೆ ಬ್ಲೇಡಿನಷ್ಟು ಚೂಪು. ಸೈಕಲ್ ಟೈರಿಗೆ ಅದಕ್ಕಿಂತ ದೊಡ್ಡ ಶತ್ರು ಈ ದಾರಿಯಲ್ಲಿ ಇಲ್ಲ. ಒಣಗಿದಾಗ ಸೀಮೆಸುಣ್ಣದ ನೆಲ ಗಟ್ಟಿ, ಬೆಳ್ಳಗೆ, ಬೇಸಿಗೆಯ ಮಧ್ಯಾಹ್ನ ಕಣ್ಣು ಕುಕ್ಕುತ್ತದೆ. ಮಳೆ ಬಿದ್ದರೆ ಸೋಪು ಸವರಿದ ಹಾಗೆ. ಇಳಿಜಾರಿನಲ್ಲಿ ಸೈಕಲ್ಲಿಂದ ಇಳಿದು ತಳ್ಳಿಕೊಂಡು ಹೋಗುವುದೇ ಬುದ್ಧಿವಂತಿಕೆ. ಕುದುರೆಗಳೂ ಆಗ ಹುಲ್ಲಿನ ಅಂಚು ಹುಡುಕಿಕೊಂಡು ಹೆಜ್ಜೆ ಇಡುತ್ತವೆ.

ಸೀಮೆಸುಣ್ಣದ ಇನ್ನೊಂದು ಗುಣ, ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬಿದ್ದ ಮಳೆಯೆಲ್ಲ ಸೀದಾ ಕೆಳಗೆ ಇಳಿದುಹೋಗುತ್ತದೆ. ಹಾಗಾಗಿ ನೆತ್ತಿಯ ಮೇಲೆ ಹಳ್ಳ ಇಲ್ಲ, ತೊರೆ ಇಲ್ಲ. ಮಳೆಗೆ ಹೆಸರಾದ ದೇಶದಲ್ಲಿ ಬಾಯಾರಿ ನಡೆಯುವುದು ಇಲ್ಲಿ ಸಾಧ್ಯ. ಹಿಂದೆ ಕುರುಬರು ಇದಕ್ಕೆ ಒಂದು ಉಪಾಯ ಮಾಡಿದ್ದರು. ನೆಲ ತೋಡಿ, ಜೇಡಿಮಣ್ಣನ್ನು ಚೆನ್ನಾಗಿ ತುಳಿದು ಹದ ಮಾಡಿ ಮೆತ್ತಿ, ದುಂಡನೆಯ ಸಣ್ಣ ಕೊಳ ಕಟ್ಟುತ್ತಿದ್ದರು. ಅವಕ್ಕೆ ಇಬ್ಬನಿ ಕೊಳ ಅಂತ ಹೆಸರು, ತುಂಬುವುದು ಮಾತ್ರ ಬಹುಪಾಲು ಮಳೆ ನೀರಿನಿಂದ. ಅಂಥ ಕೆಲವು ಇವತ್ತಿಗೂ ಇವೆ, ಕುರಿಗಳು ಸುತ್ತ ನಿಂತಿರುತ್ತವೆ. ನಮ್ಮಂಥವರಿಗೆ ಅಲ್ಲಲ್ಲಿ ನಲ್ಲಿ ಹಾಕಿಸಿದ್ದಾರೆ. ಒಂದು ನಲ್ಲಿಗೂ ಇನ್ನೊಂದಕ್ಕೂ ತುಂಬಾ ದೂರ ಇರಬಹುದು. ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳುವುದು ವಾಸಿ.

ಊರುಗಳೆಲ್ಲ ಗುಡ್ಡದ ಬುಡದಲ್ಲಿ, ನೀರು ಚಿಮ್ಮುವ ಕಡೆ ಇವೆ. ಟೀ ಬೇಕಾದರೆ ಇಳಿಯಬೇಕು, ಕುಡಿದ ಮೇಲೆ ಮತ್ತೆ ಹತ್ತಬೇಕು. ಇದಲ್ಲದೆ ಮಿಯೋನ್, ಅರುನ್, ಅಡುರ್, ಊಸ್, ಕಕ್‌ಮಿಯರ್ ನದಿಗಳು ಸಾಲನ್ನು ಕತ್ತರಿಸಿಕೊಂಡು ಸಮುದ್ರದ ಕಡೆಗೆ ಹೋಗಿವೆ. ಪ್ರತಿ ನದಿಗೂ ದಾರಿ ಪೂರ್ತಿ ಕೆಳಗಿಳಿದು ಆಚೆ ದಡದಿಂದ ಮತ್ತೆ ಏರುತ್ತದೆ. ದಾರಿಯ ಅತಿ ಎತ್ತರದ ಬಟ್ಸರ್ ಹಿಲ್ ಬರೀ 270 ಮೀಟರ್. ನಮ್ಮ ಮುಳ್ಳಯ್ಯನಗಿರಿ ನೋಡಿದವರು ಇದನ್ನೂ ಬೆಟ್ಟ ಅಂತೀರಾ ಅಂತ ನಗಬಹುದು. ಆದರೆ ಎಲ್ಲ ಏರು ಕೂಡಿದರೆ ಸುಮಾರು 4,000 ಮೀಟರ್ ಆಗುತ್ತದೆ. ನಗು ಮೂರನೇ ನದಿಯ ಹೊತ್ತಿಗೆ ನಿಲ್ಲುತ್ತದೆ.

ನಡೆದು ಮುಗಿಸುವವರು ಎಂಟು ಒಂಬತ್ತು ದಿನ ತೆಗೆದುಕೊಳ್ಳುತ್ತಾರೆ. ಸೈಕಲ್ಲಿನವರಿಗೆ ಎರಡು ಮೂರು ದಿನ. ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂತ ಕತ್ತಲಲ್ಲೇ ಹೊರಡುವವರೂ ಇದ್ದಾರೆ, ಅವರನ್ನು ಕಂಡರೆ ನನಗೆ ಮೆಚ್ಚುಗೆಗಿಂತ ಕನಿಕರ ಜಾಸ್ತಿ. ಕುದುರೆಯವರು ನಡುವೆ ಎಲ್ಲೋ ಬರುತ್ತಾರೆ. ಅವರಿಗೆ ತಮ್ಮ ಊಟ, ವಸತಿ ನೋಡಿಕೊಂಡರೆ ಸಾಲದು. ರಾತ್ರಿ ಕುದುರೆಗೊಂದು ಹುಲ್ಲುಗಾವಲು, ನೀರು, ಮೇವು ಗೊತ್ತು ಮಾಡಿಕೊಂಡೇ ಹೊರಡಬೇಕು.

ವೇಗ ಬೇರೆ ಬೇರೆ ಇರುವವರು ಒಂದೇ ದಾರಿಯಲ್ಲಿ ಹೋದರೆ ಜಗಳ ಆಗದೆ ಇರುತ್ತದಾ? ಆಗುತ್ತದೆ. ಆದರೆ ಇಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದನ್ನು ಕಾನೂನೇ ಹೇಳಿಬಿಟ್ಟಿದೆ. ಸೈಕಲ್ಲಿಗೆ ಬ್ರೈಡಲ್‌ವೇ ತೆರೆದದ್ದು 1968ರ ಕಂಟ್ರಿಸೈಡ್ ಕಾಯ್ದೆ. ಅದರ 30ನೇ ಕಲಮಿನಲ್ಲಿ ಎರಡು ಮಾತಿವೆ. ಸೈಕಲ್ಲಿನವರು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು, ಇದು ಒಂದು. ಸೈಕಲ್ಲಿನವರ ಅನುಕೂಲಕ್ಕೆ ಅಂತ ದಾರಿಯಲ್ಲಿ ಏನೂ ಮಾಡಿಕೊಡುವ ಜವಾಬ್ದಾರಿ ಸರ್ಕಾರಕ್ಕಿಲ್ಲ, ಇದು ಇನ್ನೊಂದು. ಒಟ್ಟಿನಲ್ಲಿ, ಬಾ, ಆದರೆ ಹಿಂದೆ ನಿಲ್ಲು. ಸೈಕಲ್ ತುಳಿಯುವವಳಾಗಿ ನನಗೆ ಇದರಲ್ಲಿ ಅವಮಾನವೇನೂ ಕಾಣುವುದಿಲ್ಲ. ಜಾಸ್ತಿ ವೇಗ ಇರುವವರು ಜಾಸ್ತಿ ತಗ್ಗಬೇಕು, ಅಷ್ಟೇ. ನಮ್ಮ ರಸ್ತೆಗಳಲ್ಲಿ ಇದು ತಿರುಗುಮುರುಗಾಗಿರೋದನ್ನು ನೋಡಿ ಬೆಳೆದವಳಿಗೆ ಇದೇ ಒಂದು ಸಮಾಧಾನ.

ಕುದುರೆ ಜೊತೆ ಹೇಗಿರಬೇಕು ಅಂತ ನನಗೆ ಹೇಳಿಕೊಟ್ಟವರು ಡಿಚ್ಲಿಂಗ್ ಬೀಕನ್ ಅನ್ನುವ ಗುಡ್ಡದ ಹತ್ತಿರ ಸಿಕ್ಕ ಒಬ್ಬ ವಯಸ್ಸಾದ ಹೆಂಗಸು. ಕಂದು ಬಣ್ಣದ ದೊಡ್ಡ ಕುದುರೆ ಮೇಲೆ ಕೂತಿದ್ದರು. ನಾನು ದೂರದಿಂದಲೇ ಬೆಲ್ ಬಾರಿಸಿದೆ. ಅವರು ತಿರುಗಿ ನೋಡಿ ಕೈ ಎತ್ತಿದರು.

“ಬೆಲ್ಲಿಗಿಂತ ಮಾತು ವಾಸಿ ಕಣಮ್ಮ. ಮಾತಾಡಿದರೆ ಬರುತ್ತಿರೋದು ಮನುಷ್ಯರು ಅಂತ ಇವಳಿಗೆ ಗೊತ್ತಾಗುತ್ತೆ. ಸದ್ದಿಲ್ಲದೆ ಹಿಂದಿನಿಂದ ಬರೋದೆಲ್ಲ ಇವಳ ಲೆಕ್ಕದಲ್ಲಿ ಹುಲಿ.”

ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಕಿವಿಗೆ ನಮ್ಮ ಕಡೆಯ ಅಜ್ಜಿ ಹೇಳಿದ ಹಾಗೇ ಕೇಳಿಸಿತು. ಅಂದಿನಿಂದ ಕುದುರೆ ಕಂಡರೆ “ಬಂದೆ ಕಣಪ್ಪಾ, ಪಕ್ಕದಲ್ಲೇ ಹೋಗ್ತೀನಿ” ಅಂತ ಕನ್ನಡದಲ್ಲೇ ಹೇಳಿಕೊಂಡು ಹೋಗುತ್ತೇನೆ. ಕುದುರೆಗೆ ಯಾವ ಭಾಷೆಯಾದರೇನು.

ಕುದುರೆಯವರಿಗೆ ಈ ದಾರಿಗಳು ಸುಮ್ನೆ ಸಿಕ್ಕಿದ್ದಲ್ಲ. ಇಂಗ್ಲೆಂಡಿನಲ್ಲಿ ಜನ ಹಕ್ಕಿನಿಂದ ನಡೆಯಬಹುದಾದ ದಾರಿಗಳ ಜಾಲ ತುಂಬಾ ದೊಡ್ಡದು, ಆದರೆ ಅದರಲ್ಲಿ ಕುದುರೆ ಹೋಗಬಹುದಾದದ್ದು ಐದನೇ ಒಂದು ಪಾಲಿನ ಆಸುಪಾಸು ಮಾತ್ರ. ಉತ್ತರದಲ್ಲಿ ಮೇರಿ ಟೌನ್ಲಿ ಅನ್ನುವ ಮಹಿಳೆ 1986ರಲ್ಲಿ ನಾರ್ತಂಬರ್ಲೆಂಡಿನ ಕಾರ್ಬ್ರಿಜ್‌ನಿಂದ ಡರ್ಬಿಶೈರಿನ ಆಶ್‌ಬೋರ್ನ್‌ವರೆಗೆ, ಸುಮಾರು 250 ಮೈಲಿ, ಕುದುರೆ ಮೇಲೆ ಹೋದರು. ಹಳೆಯ ಕುದುರೆದಾರಿಗಳು ಎಷ್ಟು ಹಾಳಾಗಿವೆ ಅಂತ ತೋರಿಸುವುದು ಅವರ ಉದ್ದೇಶ. ಅದರಿಂದಲೇ ಪೆನೈನ್ ಬ್ರೈಡಲ್‌ವೇ ಹುಟ್ಟಿತು, ಕುದುರೆಯವರನ್ನೇ ಮುಂದಿಟ್ಟುಕೊಂಡು ಮಾಡಿದ ರಾಷ್ಟ್ರೀಯ ದಾರಿ. ಅದರ 47 ಮೈಲಿಯ ಒಂದು ಸುತ್ತಿಗೆ ಅವರ ಹೆಸರಿಟ್ಟಿದ್ದಾರೆ. 2002ರಲ್ಲಿ ಅದು ತೆರೆದಾಗ ನೋಡಲು ಅವರು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಅಪ್ಪ ಒಂದು ಬೇಸಿಗೆಗೆ ಇಲ್ಲಿಗೆ ಬಂದಿದ್ದರು. ಅರಸೀಕೆರೆ ಕಡೆಯ ರೈತ. ಸಮುದ್ರ, ಅರಮನೆ ಯಾವುದೂ ಅವರನ್ನು ಅಷ್ಟು ಹಿಡಿಯಲಿಲ್ಲ. ಎಕ್ಸ್‌ಟನ್ ಹಳ್ಳಿಯ ಹತ್ತಿರ ಗೋಧಿ ಹೊಲ ಸೀಳಿಕೊಂಡು ಹೋಗುವ ದಾರಿಯಲ್ಲಿ ನಿಂತುಬಿಟ್ಟರು. ಎರಡೂ ಕಡೆ ತೆನೆ, ನಡುವೆ ಬೋಳು ನೆಲ.

“ಯಾರದಮ್ಮ ಈ ಹೊಲ?”

“ಗೊತ್ತಿಲ್ಲಪ್ಪ.”

“ಕೇಳದೆ ನುಗ್ತಿದ್ದೀವಲ್ಲ, ಬೈಯಲ್ವಾ?”

ಬೈಯಲ್ಲ, ಇದು ಸಾರ್ವಜನಿಕ ದಾರಿ, ಹೊಲ ಅವರದೇ ಆದರೂ ನಡೆಯುವ ಹಕ್ಕು ನಮ್ಮದು ಅಂದೆ. ಅವರು ನಂಬಲಿಲ್ಲ. ಕಾರಣ ಇದೆ. ನಮ್ಮೂರಲ್ಲಿ ಹೊಲಕ್ಕೆ ಹೋಗುವ ಬಂಡಿದಾರಿ ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆಯಾಗಿ ಇವತ್ತಿಗೂ ಇದೆ. ನೆಲದ ಮೇಲೆ ಇಲ್ಲ. ಪಕ್ಕದ ಹೊಲದವರು ಉಳುವಾಗ ವರ್ಷಕ್ಕೊಂದು ಸಾಲು ಒತ್ತಿ, ಕೊನೆಗೆ ಜಾಲಿ ಮುಳ್ಳು ಹಾಕಿ ಬೇಲಿ ಕಟ್ಟಿದರು. ಸರ್ವೆ, ಅರ್ಜಿ, ಪಂಚಾಯ್ತಿ ಎಲ್ಲ ಆಯಿತು. ಈಗ ಅಪ್ಪ ಗೊಬ್ಬರದ ಟ್ರ್ಯಾಕ್ಟರ್ ಹೊಡೆಸಬೇಕಾದರೆ ಕೆರೆ ಏರಿ ಸುತ್ತಿ ಬರಬೇಕು. ಹಳ್ಳಿಯ ಕಡೆಯವರಿಗೆ ಈ ಕತೆ ಹೊಸದಲ್ಲ.

ಆದ್ದರಿಂದ ಆವತ್ತು ಉಳಿದ ದಾರಿಯೆಲ್ಲ ಮಾತು ಕಾನೂನಿನದೇ. ಇಲ್ಲಿ 1949ರ ಕಾಯ್ದೆ ಬಂದಾಗ ಪ್ರತಿ ಜಿಲ್ಲೆಯ ಕೌನ್ಸಿಲ್ಲೂ ತನ್ನ ಸಾರ್ವಜನಿಕ ದಾರಿಗಳ ಅಧಿಕೃತ ನಕ್ಷೆ ಮಾಡಬೇಕಾಯಿತು. ಆ ನಕ್ಷೆಯಲ್ಲಿ ದಾರಿ ಇದ್ದರೆ ಮುಗಿಯಿತು, ಇಲ್ಲಿ ದಾರಿ ಇರಲೇ ಇಲ್ಲ ಅಂತ ವಾದ ಮಾಡುವ ಹಾಗಿಲ್ಲ. ನಕ್ಷೆಯಲ್ಲಿ ಇಲ್ಲದಿದ್ದರೂ, ಜನ ಯಾರ ಅಪ್ಪಣೆಯನ್ನೂ ಕೇಳದೆ, ಯಾರೂ ತಡೆಯದೆ 20 ವರ್ಷ ಓಡಾಡಿದ್ದರೆ ಅದು ಸಾರ್ವಜನಿಕ ದಾರಿ ಅಂತ ಕೇಳಬಹುದು. ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯಲ್ಲೂ ಇದೇ 20 ವರ್ಷದ ಲೆಕ್ಕ ಇದೆ. ಆದರೆ ಅದು ಮುಖ್ಯವಾಗಿ ಒಂದು ಜಮೀನಿನವರಿಗೆ ಪಕ್ಕದ ಜಮೀನಿನ ಮೇಲೆ ಹುಟ್ಟುವ ಹಕ್ಕು. ಇಲ್ಲಿಯದು ಹೊಲವೇ ಇಲ್ಲದವರಿಗೂ, ಊರಿಗೆ ನಿನ್ನೆ ಬಂದವರಿಗೂ ಸಿಗುವ ಹಕ್ಕು.

“ಇಪ್ಪತ್ತು ವರ್ಷ ಓಡಾಡಿದ್ದು ಅಂತ ಸಾಬೀತು ಮಾಡೋಕೆ ನಮ್ಮಲ್ಲಿ ಇನ್ನೊಂದು ಇಪ್ಪತ್ತು ವರ್ಷ ಕೋರ್ಟಿಗೆ ಓಡಾಡಬೇಕು” ಅಂದರು ಅಪ್ಪ.

ಅವರಿಗೆ ಜಾಸ್ತಿ ಹಿಡಿಸಿದ್ದು ಉಳುಮೆಯ ನಿಯಮ. 1990ರ ಕಾಯ್ದೆ ಪ್ರಕಾರ ಹೊಲದ ನಡುವೆ ಹಾಯುವ ದಾರಿಯನ್ನು ರೈತ ಬೆಳೆಗಾಗಿ ಉಳಬಹುದು. ಆದರೆ ಮೊದಲ ಉಳುಮೆಯಾದ 14 ದಿನದೊಳಗೆ ದಾರಿಯನ್ನು ಮತ್ತೆ ನಡೆಯುವ ಹಾಗೆ ಸಮ ಮಾಡಿಕೊಡಬೇಕು. ಬ್ರೈಡಲ್‌ವೇ ಆದರೆ ಎರಡು ಮೀಟರ್ ಅಗಲ. ಹೊಲದ ಅಂಚಿನಲ್ಲಿ ಹೋಗುವ ದಾರಿಯಾದರೆ ಮುಟ್ಟುವ ಹಾಗೇ ಇಲ್ಲ. ಅಪ್ಪ ಗೋಧಿಯ ಅಂಚಿನಿಂದ ಅಂಚಿಗೆ ಹೆಜ್ಜೆ ಹಾಕಿ ಅಳೆದು ನೋಡಿದರು. ಆಮೇಲೆ ರೈತನ ಪರವಾಗಿ ಮಾತಾಡತೊಡಗಿದರು! ಇಷ್ಟು ನೆಲ ಬಿಟ್ಟರೆ ಅವನಿಗೆ ಎಷ್ಟು ಮೂಟೆ ನಷ್ಟ, ನಾಯಿ ಬಿಟ್ಟುಕೊಂಡು ಬರುತ್ತಾರೆ, ಗೇಟು ತೆರೆದಿಟ್ಟು ಹೋಗುತ್ತಾರೆ. ನಿಜವೇ. ಕುರಿ ಮರಿ ಹಾಕುವ ಕಾಲದಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಳ್ಳಿ ಅಂತ ಗೇಟುಗೇಟಿಗೂ ಬೋರ್ಡು ಹಾಕಿರುತ್ತಾರೆ, ಎಲ್ಲರೂ ಓದುವುದಿಲ್ಲ. ದಾರಿ ಉಳಿದಿರುವುದು ಎರಡೂ ಕಡೆಯವರು ಗೊಣಗಿಕೊಂಡೇ ಒಪ್ಪಿಕೊಂಡಿರುವುದರಿಂದ. ಎಲ್ಲರಿಗೂ ಖುಷಿಯೋ ಖುಷಿ ಅಂತ ಯಾರಾದರೂ ಬರೆದಿದ್ದರೆ ನಂಬಬೇಡಿ.

ದಾರಿಯಲ್ಲಿ ನೋಡಲು ಇನ್ನೂ ಬೇಕಾದಷ್ಟಿದೆ. ಓಲ್ಡ್ ವಿಂಚೆಸ್ಟರ್ ಹಿಲ್ ಮೇಲೆ ಕಬ್ಬಿಣ ಯುಗದ ಕೋಟೆಯ ಮಣ್ಣಿನ ಸುತ್ತು, ಹಾರ್ಟಿಂಗ್ ದಾಟಿದ ಮೇಲೆ ಸಾಲಾಗಿ ಕಂಚಿನ ಯುಗದ ಸಮಾಧಿ ದಿಬ್ಬಗಳು. ಬಿಗ್ನರ್ ಹಿಲ್ ಮೇಲೆ ಚಿಚೆಸ್ಟರ್‌ನಿಂದ ಲಂಡನ್ನಿಗೆ ರೋಮನ್ನರು ಹಾಕಿದ ರಸ್ತೆ ಅಡ್ಡ ಬರುತ್ತದೆ, ಅಲ್ಲಿನ ಮರದ ಕೈಕಂಬದಲ್ಲಿ ಲಂಡನ್ನಿಗೆ ‘ಲಂಡಿನಿಯಂ’ ಅಂತಲೇ ಬರೆದಿದ್ದಾರೆ. ಇವನ್ನೆಲ್ಲ ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ನಾನು ಒಂದು ಜಾಗದ ಬಗ್ಗೆ ಮಾತ್ರ ನಿಧಾನವಾಗಿ ಹೇಳುತ್ತೇನೆ.

ಕ್ಲೇಟನ್ ಹಳ್ಳಿಯ ಮೇಲೆ ಜಾಕ್ ಮತ್ತು ಜಿಲ್ ಅನ್ನುವ ಎರಡು ಗಾಳಿಗಿರಣಿಗಳಿವೆ. ಅಲ್ಲಿಂದ ಡಿಚ್ಲಿಂಗ್ ಬೀಕನ್ ಕಡೆ ಹೋಗುವಾಗ ದಕ್ಷಿಣಕ್ಕೆ, ಬ್ರೈಟನ್ ಕಡೆಗೆ, ಒಂದು ದಾರಿ ಕವಲೊಡೆಯುತ್ತದೆ. ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಇಳಿದರೆ ಕುರಿಗಳ ನಡುವೆ ಒಂದು ಬಿಳಿ ಅಮೃತಶಿಲೆಯ ಛತ್ರಿ. ಎಂಟು ಕಂಬ, ಮೇಲೆ ಗುಮ್ಮಟ. ರಾಜಸ್ಥಾನದಲ್ಲಿ ಕಂಡರೆ ಯಾರೂ ತಿರುಗಿ ನೋಡರು. ಇಲ್ಲಿ, ಸಸೆಕ್ಸ್ ಗುಡ್ಡದ ಮೇಲೆ, ಮೊದಲ ಸಲ ಕಂಡವರು ನಿಂತೇ ನಿಲ್ಲುತ್ತಾರೆ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಬ್ರೈಟನ್ನಿಗೆ ತರುತ್ತಿದ್ದರು. ಅಲ್ಲಿನ ರಾಯಲ್ ಪೆವಿಲಿಯನ್ ಅರಮನೆಯೂ ಆಸ್ಪತ್ರೆಯಾಗಿತ್ತು. ತೀರಿಕೊಂಡವರಲ್ಲಿ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಿಂದ ದೂರ, ಈ ಗುಡ್ಡದ ಮೇಲೆ ತಂದು ಸುಟ್ಟರು. ಒಟ್ಟು 53 ಜನ. ಮುಸ್ಲಿಂ ಸೈನಿಕರನ್ನು ವೋಕಿಂಗ್ ಊರಿನಲ್ಲಿ ಮಸೀದಿಯ ಹತ್ತಿರ ಮಣ್ಣು ಮಾಡಿದರು. ಛತ್ರಿಯನ್ನು ತೆರೆದದ್ದು 1921ರ ಫೆಬ್ರವರಿ 1ರಂದು. ಅದರ ಬುಡದಲ್ಲಿ ಮೂರು ದೊಡ್ಡ ಗ್ರಾನೈಟ್ ಚಪ್ಪಡಿಗಳಿವೆ. ಚಿತೆ ಇಟ್ಟ ಕಟ್ಟೆಗಳನ್ನು ಮುಚ್ಚಿದ ಕಲ್ಲುಗಳು ಅವು. ಸತ್ತವರ ಹೆಸರು ಮಾತ್ರ ಅಲ್ಲಿ ಬಹಳ ಕಾಲ ಇರಲಿಲ್ಲ. 2010ರಲ್ಲಿ ಪಕ್ಕದಲ್ಲೊಂದು ಕಲ್ಲು ನಿಲ್ಲಿಸಿ ಬರೆಸಿದರು.

ನಮ್ಮ ಕಡೆಯ ಹೆಸರು ಇರಬಹುದಾ ಅಂತ ಕಣ್ಣು ಹುಡುಕುವುದು ಸಹಜ. ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಆ ಯುದ್ಧದಲ್ಲಿ ಹೋದದ್ದು ಬೇರೆ ದಿಕ್ಕಿಗೆ, ಈಜಿಪ್ಟ್, ಪ್ಯಾಲೆಸ್ಟೈನ್ ಕಡೆಗೆ. ಇಲ್ಲಿರುವವರು ಹೆಚ್ಚಾಗಿ ಉತ್ತರದವರು. ಛತ್ರಿಯ ಹತ್ತಿರಕ್ಕೆ ಕಾರು ಬರುವುದಿಲ್ಲ. ನಡೆದು, ಸೈಕಲ್ಲಲ್ಲಿ, ಇಲ್ಲವೇ ಕುದುರೆಯಲ್ಲಿ ಬರಬೇಕು. ಪ್ರತಿ ಜೂನ್ ತಿಂಗಳು ಇಲ್ಲೊಂದು ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ, ವಯಸ್ಸಾದ ಸರ್ದಾರ್ಜಿಗಳೂ ಏರಿ ಬರುತ್ತಾರೆ.

ಇಂಗ್ಲೆಂಡಿಗೆ ಮಕ್ಕಳ ಮನೆಗೆ ಬಂದು, ಒಂದು ದಿನದ ಮಟ್ಟಿಗೆ ಈ ದಾರಿ ನೋಡಬೇಕು ಅನ್ನುವವರಿಗೆ ನಾನು ಹೇಳುವುದು ಸೌತೀಸ್ ಸ್ಟೇಷನ್. ರೈಲು ಇಳಿದರೆ ದಾರಿ ಅಲ್ಲೇ ಇದೆ. ಪೂರ್ವಕ್ಕೆ ಒಂದು ಗಟ್ಟಿ ಏರು ಹತ್ತಿದರೆ ಆಮೇಲೆ ಫರ್ಲ್ ಬೀಕನ್ ದಾಟಿ ಆಲ್ಫ್ರಿಸ್ಟನ್‌ವರೆಗೆ ನೆತ್ತಿಯ ಮೇಲೇ ನಡಿಗೆ. ಬಲಕ್ಕೆ ಸಮುದ್ರ, ಎಡಕ್ಕೆ ವೀಲ್ಡ್ ಬಯಲು. ಗಾಳಿ ಮಾತ್ರ ಜೋರು, ಮಂಡಿ ನೋವು ಇರುವವರು ಕೋಲು ತನ್ನಿ.

ಆಲ್ಫ್ರಿಸ್ಟನ್‌ನಲ್ಲಿ ದಾರಿ ಎರಡಾಗುತ್ತದೆ. ನಡೆಯುವವರು ಕಕ್‌ಮಿಯರ್ ನದಿ ಹಿಡಿದು ಸೆವೆನ್ ಸಿಸ್ಟರ್ಸ್, ಬೀಚಿ ಹೆಡ್ ಮೇಲೆ ಸಮುದ್ರದಂಚಿನಲ್ಲಿ ಹೋಗಬಹುದು. ಕುದುರೆ, ಸೈಕಲ್ ಅಲ್ಲಿಗೆ ಬರುವ ಹಾಗಿಲ್ಲ. ಅವು ಒಳನಾಡಿನ ಗುಡ್ಡ ಹತ್ತಿ ಜೆವಿಂಗ್ಟನ್ ಮೇಲೆ ಹೋಗಬೇಕು. ಎಲ್ಲರಿಗೂ ಸಮನಾದ ದಾರಿ ಅಂತ ಇಷ್ಟು ಹೊತ್ತು ಹೇಳಿ, ಫೋಟೋಗೆ ಬೀಳುವ ತುಣುಕನ್ನು ಮಾತ್ರ ಒಬ್ಬರಿಗೇ ಕೊಟ್ಟರಲ್ಲ ಅಂತ ಸೈಕಲ್ ಗೆಳೆಯರು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಬೀಚಿ ಹೆಡ್ 162 ಮೀಟರ್ ಎತ್ತರದ ಕಡಿದಾದ ಬಂಡೆ. ಸೀಮೆಸುಣ್ಣದ ಅಂಚು ಯಾವಾಗ ಬೇಕಾದರೂ ಕುಸಿಯುತ್ತದೆ. ಬೆದರಿದ ಕುದುರೆಯೊಂದು, ಇಳಿಜಾರಲ್ಲಿ ಬ್ರೇಕ್ ಹಿಡಿಯದ ಸೈಕಲ್ಲೊಂದು, ಪಕ್ಕದಲ್ಲಿ ಮಕ್ಕಳನ್ನು ಕರೆದುಕೊಂಡು ನಡೆಯುವವರು, ಇಷ್ಟನ್ನು ಅಲ್ಲಿ ಒಟ್ಟಿಗೆ ಬಿಡುವುದು ಹುಚ್ಚುತನ.

ಒಳಗಿನ ದಾರಿಯವರಿಗೆ ಪರಿಹಾರವಾಗಿ ವಿಲ್ಮಿಂಗ್ಟನ್ನಿನ ಉದ್ದ ಮನುಷ್ಯ ಇದ್ದಾನೆ. ವಿಂಡೋವರ್ ಹಿಲ್ ಇಳಿಜಾರಿನ ಮೇಲೆ, ಎರಡೂ ಕೈಯಲ್ಲಿ ಕೋಲು ಹಿಡಿದು ನಿಂತ 72 ಮೀಟರಿನ ಆಕೃತಿ. ತುಂಬಾ ಪ್ರಾಚೀನ ಅಂತ ಜನ ನಂಬಿದ್ದರು, ಈಚಿನ ಅಧ್ಯಯನ 16 ಅಥವಾ 17ನೇ ಶತಮಾನದ್ದಿರಬಹುದು ಅನ್ನುತ್ತದೆ. ತೊಂದರೆ ಏನೆಂದರೆ ದಾರಿ ಹೋಗುವುದು ಅವನ ತಲೆಯ ಮೇಲಿಂದ. ಅಲ್ಲಿಂದ ಅವನು ಕಾಣುವುದೇ ಇಲ್ಲ. ನೋಡಬೇಕಾದರೆ ಗುಡ್ಡ ಇಳಿದು ವಿಲ್ಮಿಂಗ್ಟನ್ ಊರಿಗೆ ಹೋಗಿ ತಲೆಯೆತ್ತಬೇಕು. ಇಳಿದ ಮೇಲೆ ಮತ್ತೆ ಹತ್ತಬೇಕು ಅನ್ನುವುದು ನೆನಪಿರಲಿ.

ಈಸ್ಟ್‌ಬೋರ್ನ್‌ನಲ್ಲಿ ದಾರಿ ಮುಗಿಯುವುದೂ ಎರಡು ಕಡೆ. ನಡೆದವರು ಬೀಚಿ ಹೆಡ್ ಇಳಿದು ಊರಿನ ಪಶ್ಚಿಮದ ತುದಿಯಲ್ಲಿ, ಸಮುದ್ರದ ಹತ್ತಿರ ಬಂದು ಸೇರುತ್ತಾರೆ. ಕುದುರೆ, ಸೈಕಲ್ಲಿನವರ ದಾರಿ ಮುಗಿಯುವುದು ಪ್ಯಾರಡೈಸ್ ಡ್ರೈವ್ ಅನ್ನುವ ರಸ್ತೆಯಲ್ಲಿ. ಹೆಸರು ದೊಡ್ಡದು, ಇರುವುದು ಮಾಮೂಲು ಟಾರು ರಸ್ತೆ. ಆದರೆ ರೈಲ್ವೆ ಸ್ಟೇಷನ್ನಿಗೆ ಹತ್ತಿರ ಅದೇ.